ದೋಣಿ ಎಂಜಿನ್ನಿನ ಇಗ್ನಿಷನ್ ಮಾಡ್ಯೂಲ್ ಪದೇ ಪದೇ ಸುಡುತ್ತಿದ್ದರೆ: ಹೊಸದನ್ನು ಕೂರಿಸುವ ಮೊದಲು ಮಾಡಬೇಕಾದ ತಪಾಸಣೆ

ಇಗ್ನಿಷನ್ ಮಾಡ್ಯೂಲ್ ಎಂದರೆ ಪೆಟ್ರೋಲ್ ಎಂಜಿನ್ನಿನ ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕ. ಅದು ಏಳೆಂಟು ವರ್ಷ ಉಪ್ಪುಗಾಳಿಯಲ್ಲಿ ದುಡಿದು ನಿಂತುಹೋದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಹೊಸದನ್ನು ಕೂರಿಸಬಹುದು. ಅದರಲ್ಲಿ ಹುಡುಕುವಂಥದ್ದು ಹೆಚ್ಚೇನೂ ಇರುವುದಿಲ್ಲ. ಆದರೆ ಅದೇ ಜಾಗಕ್ಕೆ ಬಂದ ಎರಡನೆಯದು ಒಂದು ಸೀಸನ್ನೂ ಪೂರೈಸದೆ, ಮೂರನೆಯದು ಕೆಲವೇ ವಾರಗಳಲ್ಲಿ ಸುಟ್ಟುಹೋದರೆ, ಸಿಕ್ಕಿದ ಮಾಲೇ ಕೆಟ್ಟದ್ದು ಎಂದು ಸಮಾಧಾನ ಮಾಡಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಎಂಜಿನ್ನಿನ ಬೇರೊಂದು ಭಾಗದ ದೋಷ ಪ್ರತಿಸಲವೂ ಮಾಡ್ಯೂಲಿನ ಮೇಲೆ ಬಂದು ಎರಗುತ್ತಿರುತ್ತದೆ. ಆ ದೋಷ ಕೈಗೆ ಸಿಗುವವರೆಗೆ ನಾಲ್ಕನೆಯ ಮಾಡ್ಯೂಲನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬಾರದು.

ಗೋವಾದಲ್ಲಿ ಈ ತೊಂದರೆ ಹೆಚ್ಚಾಗಿ ಕಾಣುವುದು ಪ್ರವಾಸಿಗರನ್ನು ಕರೆದೊಯ್ಯುವ ಪೆಟ್ರೋಲ್ ಬೋಟುಗಳಲ್ಲಿ. ಕೊಕೊ ಬೀಚಿನಿಂದ ಡಾಲ್ಫಿನ್ ತೋರಿಸಲು ಅಗುವಾದ ಕಡೆ ಹೊರಡುವ ದೋಣಿಗಳು, ಕಲಂಗುಟೆ ಮತ್ತು ಬಾಗಾದ ಪ್ಯಾರಾಸೇಲಿಂಗ್ ಬೋಟುಗಳು, ಬೈಣಾ ಮತ್ತು ಡೋನಾ ಪಾವ್ಲಾದ ಕಡೆಯ ಸಣ್ಣ ಸ್ಪೀಡ್ ಬೋಟುಗಳು ಈ ಗುಂಪಿಗೆ ಸೇರುತ್ತವೆ. ಇವುಗಳನ್ನು ನಡೆಸುವವರಲ್ಲೂ ರಿಪೇರಿ ಮಾಡುವವರಲ್ಲೂ ಕಾರವಾರ, ಅಂಕೋಲಾ, ಹೊನ್ನಾವರದ ಕಡೆಯಿಂದ ಬಂದ ಕನ್ನಡಿಗರಿದ್ದಾರೆ. ಈ ಬರಹ ಮುಖ್ಯವಾಗಿ ಅವರಿಗಾಗಿ. ಮಾಲಿಂ ಅಥವಾ ಕುಟ್‌ಬಣ ಜೆಟ್ಟಿಯ ದೊಡ್ಡ ಟ್ರಾಲರುಗಳ ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಕಿಲ್ಲವಾದ್ದರಿಂದ ಟ್ರಾಲರಿನವರಿಗೆ ಇದರ ಉಪಯೋಗವಿಲ್ಲ. ಸೀಸನ್ನಿನ ದಿನಗಳಲ್ಲಿ ಬೋಟು ಒಂದು ಮಧ್ಯಾಹ್ನ ದಡದಲ್ಲಿ ನಿಂತರೂ ದುಡಿಮೆ ಹೋಗುತ್ತದೆಂಬ ಅವಸರದಲ್ಲಿ, ಅಳತೆ ಮಾಡದೆ ಮಾಡ್ಯೂಲನ್ನು ಮಾತ್ರ ಬದಲಿಸಿ ನೀರಿಗಿಳಿಸುವ ಅಭ್ಯಾಸ ಇಲ್ಲಿ ಬೇರೂರಿದೆ. ಖರ್ಚು ಬೆಳೆಯುವುದೂ ಆ ಅಭ್ಯಾಸದಿಂದಲೇ.

ಕೆಲಸ ಶುರುಮಾಡುವ ಮೊದಲು ಸುರಕ್ಷತೆಯ ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಅದು ದೋಣಿಯ ಒಳತಳವಾದ ಬಿಲ್ಜಿನಲ್ಲಿ ಇಳಿದು ನಿಲ್ಲುತ್ತದೆ. ಎಂಜಿನ್ ಒಳಗಿರುವ ಬೋಟಿನಲ್ಲಿ ಮುಚ್ಚಳ ತೆರೆದು, ಆವಿಯನ್ನು ಹೊರಹಾಕುವ ಬ್ಲೋಯರನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಿ, ಮೂಗಿಗೆ ವಾಸನೆ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಕಿಡಿಯ ಪರೀಕ್ಷೆಗೆ ಕೈಹಾಕಬೇಕು. ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೆಯ ಪದ್ಧತಿಯನ್ನು ಬಿಡಬೇಕು: ಇಗ್ನಿಷನ್ ಕಾಯಿಲ್ ಹೊರಹಾಕುವ ಒತ್ತಡ ಸಾವಿರಾರು ವೋಲ್ಟ್‌ಗಳಷ್ಟಿರುತ್ತದೆ, ಒದ್ದೆಯಾದ ಡೆಕ್ಕಿನ ಮೇಲೆ ನಿಂತವನಿಗೆ ಅದು ಪ್ರಾಣಾಪಾಯ ತರಬಲ್ಲದು.

ಯಾವ ಬಗೆಯ ಇಗ್ನಿಷನ್ ಎಂಬುದು ಮೊದಲು ತಿಳಿಯಬೇಕು

ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ಬಹುಪಾಲು ಇರುವುದು ಸಿಡಿಐ (ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ಪದ್ಧತಿ. ಫ್ಲೈವೀಲಿನ ಒಳಗಿನ ಆಯಸ್ಕಾಂತಗಳು ಅಲುಗಾಡದೆ ನಿಂತಿರುವ ಸುರುಳಿಗಳ ಉಂಗುರವಾದ ಸ್ಟೇಟರಿನ ಚಾರ್ಜ್ ಕಾಯಿಲಿನ ಸುತ್ತ ತಿರುಗಿದಾಗ ನೂರಾರು ವೋಲ್ಟಿನ ಎಸಿ ಹುಟ್ಟುತ್ತದೆ. ಮಾಡ್ಯೂಲ್ ಅದನ್ನು ಡಿಸಿಯಾಗಿಸಿ ತನ್ನೊಳಗಿನ ಕೆಪಾಸಿಟರಿನಲ್ಲಿ ತುಂಬಿಟ್ಟುಕೊಳ್ಳುತ್ತದೆ. ಕಿಡಿ ಯಾವಾಗ ಬೇಕೆಂದು ಹೇಳುವ ಟ್ರಿಗರ್ ಕಾಯಿಲಿನಿಂದ ಸಂಕೇತ ಬಂದ ಕ್ಷಣ ಒಳಗಿನ ಎಸ್‌ಸಿಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಆನ್ ಆಗಿ, ತುಂಬಿಟ್ಟ ಶಕ್ತಿಯೆಲ್ಲ ಇಗ್ನಿಷನ್ ಕಾಯಿಲಿಗೆ ಒಮ್ಮೆಗೇ ಹರಿಯುತ್ತದೆ. ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ ಬ್ಯಾಟರಿಯ ಹಂಗಿಲ್ಲದೆ ಓಡುವುದು ಇದೇ ಕಾರಣಕ್ಕೆ. ಕೆಲವು ಮಾದರಿಗಳ ಸಿಡಿಐ ಮಾತ್ರ ಬ್ಯಾಟರಿಯಿಂದಲೇ ಶಕ್ತಿ ಪಡೆಯುತ್ತದೆ.

ಎಂಜಿನ್ ಒಳಗೂ ಪ್ರೊಪೆಲ್ಲರ್ ಘಟಕ ಹೊರಗೂ ಇರುವ ಸ್ಟರ್ನ್‌ಡ್ರೈವ್ ಪೆಟ್ರೋಲ್ ಬೋಟುಗಳಲ್ಲಿ, ವಿಶೇಷವಾಗಿ ಕಿಡಿಯನ್ನು ಒಂದೊಂದು ಪ್ಲಗ್ಗಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯವುಗಳಲ್ಲಿ, ಪದ್ಧತಿಯೇ ಬೇರೆ. ಅಲ್ಲಿ ಮಾಡ್ಯೂಲ್ ಒಂದು ಸ್ವಿಚ್ಚಿನಂತೆ ಕೆಲಸ ಮಾಡುತ್ತದೆ: 12 ವೋಲ್ಟಿನ ಪ್ರವಾಹವನ್ನು ಕಾಯಿಲಿನ ಮೊದಲ ಸುರುಳಿಯಾದ ಪ್ರೈಮರಿಯಲ್ಲಿ ಹರಿಸಿ, ಸರಿಯಾದ ಕ್ಷಣದಲ್ಲಿ ಕಡಿದುಹಾಕುತ್ತದೆ. ಮೊದಲ ಬಗೆಯನ್ನು ಕೊಲ್ಲುವುದು ಹೆಚ್ಚಾಗಿ ಸ್ಟೇಟರ್, ಸ್ಟಾಪ್ ವೈರ್ ಮತ್ತು ನೀರು. ಎರಡನೆಯದನ್ನು ಕೊಲ್ಲುವುದು ಶಾಖ, ತಪ್ಪು ಕಾಯಿಲ್ ಮತ್ತು ಆಲ್ಟರ್ನೇಟರ್. ಎರಡನ್ನೂ ಬೆರೆಸಿ ಹುಡುಕಿದರೆ ದಿನವಿಡೀ ಹುಡುಕಬೇಕಾಗುತ್ತದೆ.

ಸತ್ತದ್ದು ನಿಜವೇ?

ಕಿಡಿ ಇಲ್ಲವೆಂದರೆ ಮಾಡ್ಯೂಲ್ ಸತ್ತಿದೆಯೆಂದು ಅರ್ಥವಲ್ಲ. ಸಿಡಿಐ ಎಂಜಿನ್ನನ್ನು ನಿಲ್ಲಿಸುವುದು ಮಾಡ್ಯೂಲಿನ ಸ್ಟಾಪ್ ವೈರನ್ನು ಅರ್ಥಿಗೆ, ಅಂದರೆ ಎಂಜಿನ್ನಿನ ಲೋಹದ ಮೈಗೆ, ತಾಗಿಸುವ ಮೂಲಕ. ಕೀ ಸ್ವಿಚ್, ಕಿಲ್ ಸ್ವಿಚ್, ಅದಕ್ಕೂ ಚಾಲಕನ ಮೈಗೂ ಸಿಕ್ಕಿಸುವ ಲ್ಯಾನ್ಯಾರ್ಡ್ ಹಗ್ಗ ಎಲ್ಲವೂ ಮಾಡುವುದು ಇದನ್ನೇ. ಉಪ್ಪುನೀರು ಹೊಕ್ಕ ಕಿಲ್ ಸ್ವಿಚ್ಚಿನೊಳಗೆ ತೇವವೇ ಆ ತಾಗುವಿಕೆಯನ್ನು ಮಾಡಿಬಿಡುತ್ತದೆ. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿರುವುದರಿಂದ ಅದು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಬೆಳಿಗ್ಗೆ ಚಾಲೂ ಆಗದ ಎಂಜಿನ್ ಮಧ್ಯಾಹ್ನದ ಬಿಸಿಲಿಗೆ ಸ್ವಿಚ್ ಒಣಗಿದ ಮೇಲೆ ತಾನಾಗಿ ಚಾಲೂ ಆದರೆ ಮೊದಲ ಅನುಮಾನ ಬರಬೇಕಾದದ್ದು ಇಲ್ಲಿ. ಆದರೆ ನಡುವಿನ ಹೊತ್ತಿನಲ್ಲಿ ಯಾರೋ ಹೊಸ ಮಾಡ್ಯೂಲ್ ಹಾಕಿರುತ್ತಾರೆ, ಎಂಜಿನ್ ಓಡುತ್ತದೆ, ಹಳೆಯದು ಸತ್ತಿತ್ತೆಂಬ ತೀರ್ಪು ಖಾಯಂ ಆಗುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಇದು: ಸರ್ವಿಸ್ ಮ್ಯಾನ್ಯುಯಲ್ಲಿನ ವೈರಿಂಗ್ ಚಿತ್ರವನ್ನು ಎದುರಿಗಿಟ್ಟುಕೊಂಡು ಮಾಡ್ಯೂಲಿನ ಸ್ಟಾಪ್ ವೈರ್ ಯಾವುದೆಂದು ಗುರುತಿಸಿ, ಅದೊಂದನ್ನು ಮಾತ್ರ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಕಿಡಿ ನೋಡಬೇಕು. ವೈರಿನ ಬಣ್ಣವನ್ನು ಕಣ್ಣುಮುಚ್ಚಿ ನಂಬಬಾರದು. ನಾಲ್ಕು ಕೈ ದಾಟಿ ಬಂದ ಬೋಟಿನಲ್ಲಿ ಸಿಕ್ಕಿದ ಬಣ್ಣದ ವೈರನ್ನೇ ಜೋಡಿಸಿರುವ ಸಾಧ್ಯತೆ ಇರುತ್ತದೆ. ಸ್ಟಾಪ್ ವೈರ್ ಬಿಚ್ಚಿದ ಕೂಡಲೇ ಕಿಡಿ ಬಂದರೆ ಮಾಡ್ಯೂಲ್ ಸರಿಯಿದೆ, ದೋಷ ಸ್ವಿಚ್ಚಿನಲ್ಲಿ ಅಥವಾ ಅಲ್ಲಿಗೆ ಹೋಗುವ ಹಾರ್ನೆಸ್ಸಿನಲ್ಲಿ (ವೈರುಗಳ ಕಟ್ಟಿನಲ್ಲಿ) ಇದೆ. ಈ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡಿದರೆ ಕೀ ತಿರುಗಿಸಿ ನಿಲ್ಲಿಸಲಾಗುವುದಿಲ್ಲ. ಚೋಕ್ ಎಳೆದೋ ಇಂಧನದ ಕೊಳವೆ ಕಳಚಿಯೋ ನಿಲ್ಲಿಸಲು ಒಬ್ಬರು ಸಿದ್ಧರಾಗಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಡಿಸ್ಟ್ರಿಬ್ಯೂಟರ್ ಇರುವ ಎಂಜಿನ್ನಿನಲ್ಲಿ ಇದಕ್ಕೆ ಸಮಾನವಾದ ಪರೀಕ್ಷೆಯೆಂದರೆ ಎಂಜಿನ್ನಿನ ವೇಗ ತೋರಿಸುವ ಟ್ಯಾಕೋಮೀಟರಿಗೆ ಹೋಗುವ ವೈರನ್ನು ಕಾಯಿಲಿನಿಂದ ಬಿಚ್ಚಿ ನೋಡುವುದು. ಒಳಗೇ ಶಾರ್ಟ್ ಆದ ಮೀಟರ್ ಇಡೀ ಇಗ್ನಿಷನ್ನನ್ನು ಮುಚ್ಚಿಬಿಡುತ್ತದೆ.

ಇದೇ ಸ್ಟಾಪ್ ವೈರಿನ ಮೂಲಕ ಮಾಡ್ಯೂಲ್ ನಿಜವಾಗಿಯೂ ಸಾಯುವ ದಾರಿಯೊಂದಿದೆ. ಅಂಗಡಿಯಲ್ಲಿ ಕೈಗೆ ಸಿಕ್ಕಿದ ಕಾರಿನ ಕೀ ಸ್ವಿಚ್ಚನ್ನು ಔಟ್‌ಬೋರ್ಡಿಗೆ ಕೂರಿಸುವವರಿದ್ದಾರೆ. ಕಾರಿನ ಸ್ವಿಚ್ 'ಆನ್' ಸ್ಥಾನದಲ್ಲಿ 12 ವೋಲ್ಟನ್ನು ಹೊರಕ್ಕೆ ಕೊಡುತ್ತದೆ. ಔಟ್‌ಬೋರ್ಡಿನಂತೆ ಆಯಸ್ಕಾಂತದಿಂದ ಕಿಡಿಯ ವಿದ್ಯುತ್ತು ಪಡೆಯುವ ಮ್ಯಾಗ್ನೆಟೋ ಎಂಜಿನ್ನಿನ ಸ್ವಿಚ್ 'ಆಫ್' ಸ್ಥಾನದಲ್ಲಿ ಸ್ಟಾಪ್ ವೈರನ್ನು ಅರ್ಥಿಗೆ ತಾಗಿಸುವುದಷ್ಟನ್ನೇ ಮಾಡುತ್ತದೆ. ಮೊದಲನೆಯದನ್ನು ಎರಡನೆಯದರ ಜಾಗದಲ್ಲಿ ಇಟ್ಟರೆ ಬ್ಯಾಟರಿಯ ವೋಲ್ಟೇಜ್ ನೇರವಾಗಿ ಸಿಡಿಐ ಒಳಗೆ ನುಗ್ಗುತ್ತದೆ. ಸ್ಟಾಪ್ ವೈರ್ ಬಿಚ್ಚಿಟ್ಟು, ಸ್ವಿಚ್ಚಿನ ಕಡೆಯ ತುದಿಗೂ ಅರ್ಥಿಗೂ ನಡುವೆ ಡಿಸಿ ವೋಲ್ಟ್ ಅಳೆಯಬೇಕು. ಕೀಯ ಯಾವ ಸ್ಥಾನದಲ್ಲೂ ಅಲ್ಲಿ ವೋಲ್ಟೇಜ್ ಕಾಣಕೂಡದು. ಕಂಡರೆ ಹುಡುಕಾಟ ಅಲ್ಲಿಗೇ ಮುಗಿಯಿತು. ಸ್ವಿಚ್ ಸರಿಯಾದ ಬಗೆಯದ್ದೇ ಆಗಿದ್ದರೂ, ಹಾರ್ನೆಸ್ ಎಲ್ಲೋ ತಿಕ್ಕಿ ಸಿಪ್ಪೆ ಸುಲಿದು ಪಕ್ಕದ 12 ವೋಲ್ಟ್ ವೈರಿಗೆ ತಾಗುತ್ತಿದ್ದರೆ ಫಲಿತಾಂಶ ಅದೇ. ಆದ್ದರಿಂದ ಅಳೆಯುವಾಗ ಸ್ಟಿಯರಿಂಗ್ ತಿರುಗಿಸಿ, ಎಂಜಿನ್ನನ್ನು ಮೇಲಕ್ಕೆತ್ತಿ ಇಳಿಸಿ, ಹಾರ್ನೆಸ್ಸನ್ನು ಅಲ್ಲಲ್ಲಿ ಅಲುಗಾಡಿಸಿ ನೋಡುವುದು ಅಗತ್ಯ.

ಸುಟ್ಟ ಮಾಡ್ಯೂಲೇ ಮೊದಲ ಸಾಕ್ಷಿ

ಹಳೆಯದನ್ನು ಎಸೆಯದೆ ಬೆಳಕಿನಲ್ಲಿ ತಿರುಗಿಸಿ ನೋಡಬೇಕು. ಹಿಂಭಾಗದಲ್ಲಿ ತುಂಬಿರುವ ರಾಳ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅಥವಾ ಮೆತ್ತಗಾಗಿ ಹರಿದಿದ್ದರೆ ಅದು ಅತಿಶಾಖದ ಅಥವಾ ಅತಿಪ್ರವಾಹದ ಗುರುತು. ಬೋಲ್ಟ್ ಕೂರುವ ಕಿವಿಯ ಸುತ್ತಲೇ ಬಿರುಕಿದ್ದರೆ ಕಂಪನ ಕಾರಣವಿರಬಹುದು: ಮಾಡ್ಯೂಲಿಗೆ ಕೊಟ್ಟಿದ್ದ ರಬ್ಬರ್ ಬುಷ್ ಕಳೆದುಹೋಗಿ ಯಾರೋ ನೇರವಾಗಿ ಬಿಗಿದಿರುತ್ತಾರೆ. ಅಲೆಯ ಮೇಲೆ ಬಡಿದುಕೊಂಡು ಓಡುವ ಬೋಟಿನಲ್ಲಿ ಆ ರಬ್ಬರ್ ತುಂಡಿನ ಬೆಲೆ ಬಹಳ ದೊಡ್ಡದು. ಕನೆಕ್ಟರಿನ ಪಿನ್ನುಗಳ ಮೇಲೆ ಹಸಿರು ಪುಡಿಯಿದ್ದರೆ ನೀರು ಹೊಕ್ಕಿದೆ. ಒಂದೇ ಒಂದು ಪಿನ್ ಕಪ್ಪಾಗಿದ್ದರೆ ಅಲ್ಲಿ ಸಂಪರ್ಕ ಸಡಿಲವಾಗಿ ಕಾದಿದೆ. ಹೊರಗೆ ಯಾವ ಗುರುತೂ ಇಲ್ಲದಿದ್ದರೆ ವೋಲ್ಟೇಜಿನ ಏಟನ್ನು ಶಂಕಿಸಬೇಕು.

ಎಷ್ಟು ಹೊತ್ತು ಓಡಿ ಸತ್ತಿತು ಎಂಬುದೂ ಅಷ್ಟೇ ಮುಖ್ಯ. ಚಾಲೂ ಮಾಡಿದ ಕೂಡಲೇ ಹೋದರೆ ತಪ್ಪು ಜೋಡಣೆ ಅಥವಾ ಸ್ಟಾಪ್ ವೈರಿನ 12 ವೋಲ್ಟ್. ಅರ್ಧ ಗಂಟೆ ಓಡಿ ನಿಂತು, ತಣ್ಣಗಾದ ಮೇಲೆ ಮತ್ತೆ ಚಾಲೂ ಆಗಿ, ಕೆಲವು ದಿನ ಹಾಗೆಯೇ ಕಾಡಿಸಿ ಕೊನೆಗೆ ಪೂರ್ತಿ ಹೋದರೆ ಶಾಖ. ಪೂರ್ತಿ ವೇಗದಲ್ಲಿ ಓಡುತ್ತಿದ್ದಾಗ ಒಮ್ಮೆಲೇ ಹೋದರೆ ಚಾರ್ಜಿಂಗ್ ವೋಲ್ಟೇಜ್ ಅಥವಾ ಪ್ಲಗ್ಗಿನ ಕಡೆಯ ದೋಷ. ಇವು ಕಾನೂನುಗಳಲ್ಲ, ಹುಡುಕಾಟವನ್ನು ಎಲ್ಲಿಂದ ಶುರುಮಾಡಬೇಕೆಂದು ಹೇಳುವ ಸುಳಿವುಗಳು.

ಶಾಖದ ಲೆಕ್ಕ

ಗೋವಾದ ಪ್ರವಾಸಿ ಬೋಟುಗಳಲ್ಲಿ ಶಾಖ ಹುಟ್ಟುವ ರೀತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಎಂಜಿನ್ ಓಡುತ್ತಿರುವಾಗ ಪಂಪು ಎಳೆಯುವ ಸಮುದ್ರದ ನೀರು ಶಾಖವನ್ನು ಹೊತ್ತೊಯ್ಯುತ್ತದೆ. ಎಂಜಿನ್ ನಿಲ್ಲಿಸಿದ ಕ್ಷಣ ನೀರಿನ ಹರಿವು ನಿಲ್ಲುತ್ತದೆ, ಲೋಹದಲ್ಲಿ ತುಂಬಿದ ಶಾಖ ಮಾತ್ರ ಉಳಿಯುತ್ತದೆ; ಮುಂದಿನ ಕೆಲವು ನಿಮಿಷ ಮುಚ್ಚಳದೊಳಗಿನ ಉಷ್ಣತೆ ಇಳಿಯುವ ಬದಲು ಏರುತ್ತದೆ. ಡಾಲ್ಫಿನ್ ಕಂಡಲ್ಲಿ ಎಂಜಿನ್ ನಿಲ್ಲಿಸುವುದು, ಅದು ಮುಳುಗಿದ ಮೇಲೆ ಚಾಲೂ ಮಾಡುವುದು, ಮತ್ತೆ ನಿಲ್ಲಿಸುವುದು, ಹೀಗೆ ಬೆಳಗಿನಿಂದ ಸಂಜೆಯವರೆಗೆ ನಡೆಯುವ ಬೋಟಿನ ಮಾಡ್ಯೂಲ್, ಒಂದೇ ವೇಗದಲ್ಲಿ ದೂರ ಸಾಗುವ ಬೋಟಿನದ್ದಕ್ಕಿಂತ ಹೆಚ್ಚು ಸಲ ಕಾದು ತಣಿಯುತ್ತದೆ. ಆ ಹಿಗ್ಗು-ಕುಗ್ಗುವಿಕೆಯಲ್ಲಿ ಒಳಗಿನ ಬೆಸುಗೆಗಳು ಬಿರಿಯುತ್ತವೆ. ಎಂಜಿನ್ನನ್ನು ಪೂರ್ತಿ ನಿಲ್ಲಿಸುವ ಮೊದಲು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡುವುದು ಖರ್ಚಿಲ್ಲದ ಪರಿಹಾರ.

ಎರಡನೆಯ ಕಾರಣ ಮರಳು. ದಂಡೆಯಿಂದಲೇ ನೀರಿಗಿಳಿಯುವ ಬೋಟಿನ ನೀರಿನ ಪಂಪು ಮರಳನ್ನೂ ಎಳೆದುಕೊಳ್ಳುತ್ತದೆ; ನೀರು ತಳ್ಳುವ ರಬ್ಬರಿನ ಚಕ್ರವಾದ ಇಂಪೆಲ್ಲರ್ ಸವೆದು, ಉಪ್ಪುಹಕ್ಕಳೆ ಕಟ್ಟಿದ ಸಣ್ಣ ನಾಳಗಳಲ್ಲಿ ಹರಿವು ಕಡಿಮೆಯಾಗುತ್ತದೆ. ಔಟ್‌ಬೋರ್ಡಿನ ಪಕ್ಕದಿಂದ ಚಿಮ್ಮುವ ನೀರಿನ ಧಾರೆ ಬಲವಾಗಿದೆಯೇ, ಮುಟ್ಟಿದರೆ ಬೆಚ್ಚಗಷ್ಟೇ ಇದೆಯೇ ಎಂಬುದನ್ನು ಪ್ರತಿದಿನ ನೋಡಬೇಕು. ಇಂಪೆಲ್ಲರನ್ನು ಮಳೆಗಾಲದಲ್ಲಿ ಬೋಟು ಮೇಲಕ್ಕೆ ಬಂದಾಗ ವರ್ಷಕ್ಕೊಮ್ಮೆ ಬದಲಿಸುವುದು ಮಾಡ್ಯೂಲಿನ ಬೆಲೆಯ ಮುಂದೆ ಏನೇನೂ ಅಲ್ಲ.

ಸ್ಟರ್ನ್‌ಡ್ರೈವ್‌ಗಳಲ್ಲಿ ಕೆಲವು ಹಳೆಯ ಮಾದರಿಗಳ ಮಾಡ್ಯೂಲನ್ನು ತಯಾರಕರೇ ಎಕ್ಸಾಸ್ಟ್ ಎಲ್ಬೋ (ಹೊಗೆ ಹೊರಹೋಗುವ ಬಾಗಿದ ಕೊಳವೆ) ಮೇಲೆ ಕೂರಿಸಿದ್ದರು. ಎಲ್ಬೋ ಒಳಗೆ ನೀರು ಸರಿಯಾಗಿ ಹರಿಯುವವರೆಗೆ ತೊಂದರೆಯಿಲ್ಲ. ತುಕ್ಕು ಮತ್ತು ಹಕ್ಕಳೆ ಕಟ್ಟಿದ ಮೇಲೆ ಅದೇ ಎಲ್ಬೋ ಮಾಡ್ಯೂಲಿನ ಕೆಳಗಿನ ಒಲೆಯಾಗುತ್ತದೆ. ಅಲ್ಲಿಂದ ಬಿಚ್ಚಿ ತಂಪಾದ ಜಾಗದಲ್ಲಿ ಬ್ರಾಕೆಟ್ ಹಾಕಿ ಕೂರಿಸುವುದು ಒಳ್ಳೆಯದೇ. ಆದರೆ ಇಲ್ಲಿ ಒಂದು ಎಚ್ಚರ ಬೇಕು: ಅಂಥ ಮಾಡ್ಯೂಲಿನ ಮೈಯೇ ಅರ್ಥ್ ಆಗಿರಬಹುದು. ಜಾಗ ಬದಲಿಸಿದಾಗ ಎಂಜಿನ್ ಬ್ಲಾಕಿಗೆ ಪ್ರತ್ಯೇಕ ಅರ್ಥ್ ವೈರ್ ಎಳೆಯದಿದ್ದರೆ ಹೊಸ ಜಾಗದಲ್ಲಿ ಅದು ಇನ್ನೂ ಬೇಗ ಸಾಯುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಕೂರುವ ಮಾಡ್ಯೂಲಾದರೆ ಅದರ ತಳಕ್ಕೂ ಲೋಹಕ್ಕೂ ನಡುವೆ ಶಾಖ ಸಾಗಿಸುವ ಸಿಲಿಕೋನ್ ಪೇಸ್ಟ್ ತೆಳುವಾಗಿ ಹಚ್ಚಿರಲೇಬೇಕು. ಪೆಟ್ಟಿಗೆಯೊಳಗೆ ಬರುವ ಆ ಪುಟ್ಟ ಪೊಟ್ಟಣವನ್ನು ಎಸೆದು, ಒಣಗಿದ ಹಳೆಯ ಪೇಸ್ಟಿನ ಮೇಲೆಯೇ ಹೊಸದನ್ನು ಬಿಗಿದ ಉದಾಹರಣೆಗಳನ್ನು ಧಾರಾಳವಾಗಿ ಕಾಣಬಹುದು. ಸಾಮಾನ್ಯ ಗ್ರೀಸು ಈ ಕೆಲಸಕ್ಕೆ ಬಾರದು.

ಶಾಖದ ಅನುಮಾನವನ್ನು ದೃಢಪಡಿಸುವುದು ಕಷ್ಟವಲ್ಲ. ಎಂಜಿನ್ ಕಾದು ನಿಂತ ಕೂಡಲೇ, ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಮಾಡ್ಯೂಲಿನ ಮೇಲೆ ಐದು ನಿಮಿಷ ಇಟ್ಟು ಮತ್ತೆ ಕಿಡಿ ನೋಡಬೇಕು; ಕಿಡಿ ಮರಳಿದರೆ ಮಾಡ್ಯೂಲ್ ಶಾಖಕ್ಕೆ ಸೋಲುತ್ತಿದೆ. ಮರಳದಿದ್ದರೆ ಇದೇ ಪ್ರಯೋಗವನ್ನು ಟ್ರಿಗರ್ ಮತ್ತು ಇಗ್ನಿಷನ್ ಕಾಯಿಲುಗಳ ಮೇಲೂ ಮಾಡಬೇಕು, ಏಕೆಂದರೆ ಕಾದಾಗ ಒಳಗೇ ಸಂಪರ್ಕ ಕಡಿದುಕೊಳ್ಳುವ ಕಾಯಿಲಿನ ತಪ್ಪನ್ನು ಮಾಡ್ಯೂಲಿನ ತಲೆಗೆ ಕಟ್ಟುವುದು ಬಹಳ ಸುಲಭ.

ವೋಲ್ಟೇಜ್, ಸ್ಟೇಟರ್ ಮತ್ತು ಮ್ಯೂಸಿಕ್ ಸಿಸ್ಟಮ್

ಬ್ಯಾಟರಿಯ ಮೇಲೆ ಮಲ್ಟಿಮೀಟರ್ ಇಟ್ಟು ಐಡಲ್‌ನಲ್ಲಿ ಒಮ್ಮೆ, 3000 ಆರ್‌ಪಿಎಂ ಸುಮಾರಿಗೆ ಒಮ್ಮೆ ಅಳೆಯಬೇಕು. 13.8ರಿಂದ 14.5 ವೋಲ್ಟ್ ನಡುವೆ ಇದ್ದರೆ ಸರಿ. 15 ದಾಟಿದರೆ ವೋಲ್ಟೇಜಿಗೆ ಮಿತಿ ಹಾಕುವ ರೆಗ್ಯುಲೇಟರ್ ಕೆಟ್ಟಿದೆ, ಅಥವಾ ಅದರ ಸೆನ್ಸ್ ವೈರ್ ಮತ್ತು ಅರ್ಥ್ ಸಡಿಲವಾಗಿವೆ. ನಂತರ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಅದೇ ಜಾಗದಲ್ಲಿ ಅಳೆದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರಿನ ಡಯೋಡ್ ಸೋರುತ್ತಿದೆ. ಜೆಟ್ಟಿಗೆ ಕಟ್ಟಿದ ಬೋಟಿನಲ್ಲಿ ಎಲ್ಲವೂ ಸರಿಯಾಗಿ ಕಂಡು, ಹೊರೆ ಹೊತ್ತು ಅಳಿವೆ ದಾಟುವಾಗ ಮಾತ್ರ ವೋಲ್ಟೇಜ್ ಹಾರುವ ಎಂಜಿನ್ನುಗಳಿರುವುದರಿಂದ, ಮೀಟರನ್ನು ಕ್ಲಿಪ್ಪುಗಳಿಂದ ಬ್ಯಾಟರಿಗೆ ಸಿಕ್ಕಿಸಿ ನೀರಿನ ಮೇಲೆ ಒಂದು ಸುತ್ತು ಹೋಗಿಬರುವುದು ಉತ್ತಮ. ಗರಿಷ್ಠ ಮೌಲ್ಯವನ್ನು ನೆನಪಿಟ್ಟುಕೊಳ್ಳುವ ಸೌಲಭ್ಯವಿರುವ ಮೀಟರ್ ಈ ಕೆಲಸಕ್ಕೆ ಹೇಳಿಮಾಡಿಸಿದ್ದು.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮುಖ್ಯ ಸ್ವಿಚ್ಚನ್ನು ಆಫ್ ಮಾಡುವುದು, 'ಆಲ್ಟರ್ನೇಟರ್ ಕೆಲಸ ಮಾಡುತ್ತಿದೆಯೇ ನೋಡೋಣ' ಎಂದು ಬ್ಯಾಟರಿಯ ಕೇಬಲ್ ಕಳಚುವುದು, ಎರಡೂ ನಿಷಿದ್ಧ. ಹೊರೆ ಒಮ್ಮೆಲೇ ಮಾಯವಾದಾಗ ಆಲ್ಟರ್ನೇಟರಿನಿಂದ ಹಲವು ಪಟ್ಟು ಹೆಚ್ಚಿನ ವೋಲ್ಟೇಜ್ ಕ್ಷಣಕಾಲ ಹೊರಬರುತ್ತದೆ. ಅಂಥ ಒಂದೇ ಏಟು ಸಾಕು. ಸಡಿಲವಾದ ಬ್ಯಾಟರಿ ಟರ್ಮಿನಲ್ ಅಲೆಯ ಪ್ರತಿ ಬಡಿತಕ್ಕೂ ಇದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ. ರೆಕ್ಕೆ ನಟ್ಟುಗಳನ್ನು ತೆಗೆದು ಲಾಕ್ ವಾಷರ್ ಸಹಿತ ಸರಿಯಾದ ನಟ್ಟುಗಳನ್ನು ಬಿಗಿಯಬೇಕು. ಬೋಟಿನ ಲೋಹದ ಚೌಕಟ್ಟಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಎರಡೂ ತುದಿಗಳನ್ನೂ ಮಾಡ್ಯೂಲಿನ ಕನೆಕ್ಟರನ್ನೂ ಬಿಚ್ಚಿಡಬೇಕು.

ಔಟ್‌ಬೋರ್ಡಿನಲ್ಲಿ ಬ್ಯಾಟರಿಯನ್ನು ತುಂಬುವ ಚಾರ್ಜಿಂಗ್ ಸುರುಳಿ ಮತ್ತು ಮಾಡ್ಯೂಲಿಗೆ ವಿದ್ಯುತ್ತು ಕೊಡುವ ಇಗ್ನಿಷನ್ ಸುರುಳಿ (ಮೇಲೆ ಹೇಳಿದ ಚಾರ್ಜ್ ಕಾಯಿಲ್) ಬೇರೆ ಬೇರೆಯಾದರೂ ಹಲವು ಮಾದರಿಗಳಲ್ಲಿ ಎರಡೂ ಫ್ಲೈವೀಲಿನ ಕೆಳಗೆ ಒಂದೇ ಉಂಗುರದ ಮೇಲಿರುತ್ತವೆ. ಸಣ್ಣ ಔಟ್‌ಬೋರ್ಡಿನ ಚಾರ್ಜಿಂಗ್ ಸಾಮರ್ಥ್ಯ ಬಹಳ ಸಲ 6ರಿಂದ 10 ಆಂಪಿಯರ್ ಅಷ್ಟೇ. ಪ್ರವಾಸಿಗರಿಗೆಂದು ಕೂರಿಸಿದ 200 ವಾಟಿನ ಆಂಪ್ಲಿಫೈಯರ್ ಪೂರ್ತಿ ದನಿಯಲ್ಲಿ 12 ವೋಲ್ಟಿನಲ್ಲಿ 16 ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಮೇಲೆ ಬಣ್ಣದ ದೀಪಗಳು ಬೇರೆ. ಬ್ಯಾಟರಿ ಸದಾ ಬರಿದಾಗಿರುವುದರಿಂದ ಸ್ಟೇಟರ್ ಸದಾ ಪೂರ್ತಿ ಹೊರೆಯಲ್ಲಿ ಬೇಯುತ್ತದೆ, ಅದರ ನಿರೋಧಕ ರಾಳ ಕರಗಿ ಕಂದು ಹನಿಗಳಾಗಿ ಕೆಳಗೆ ಅಂಟುತ್ತದೆ, ಕೊನೆಗೆ ಪಕ್ಕದ ಇಗ್ನಿಷನ್ ಸುರುಳಿಯ ನಿರೋಧಕವೂ ಹೋಗಿ ಮಾಡ್ಯೂಲಿಗೆ ತಲುಪುವ ವೋಲ್ಟೇಜ್ ಹದ ತಪ್ಪುತ್ತದೆ. ಫ್ಲೈವೀಲ್ ಅಂಚಿನಿಂದ ಟಾರ್ಚ್ ಹಾಕಿದಾಗ ಆ ಹನಿಗಳು ಕಂಡರೆ ಸ್ಟೇಟರ್ ಬದಲಿಸದೆ ಮಾಡ್ಯೂಲ್ ಬದಲಿಸುವುದು ಹಣವನ್ನು ನೀರಿಗೆ ಹಾಕಿದಂತೆಯೇ. ಸಂಗೀತ ಬೇಕೇಬೇಕೆಂದಾದರೆ ಅದಕ್ಕೆ ದಡದಲ್ಲಿ ಚಾರ್ಜ್ ಮಾಡುವ ಪ್ರತ್ಯೇಕ ಬ್ಯಾಟರಿ ಇಡಬಹುದು. ಸಂಗೀತವಿಲ್ಲದೆಯೂ ಡಾಲ್ಫಿನ್‌ಗಳು ಬರುತ್ತವೆ ಎಂಬುದು ನನ್ನ ಅಭಿಪ್ರಾಯ. ಬೋಟಿನ ಮಾಲೀಕರು ಒಪ್ಪುವುದು ಕಡಿಮೆ.

ಸ್ಟೇಟರನ್ನು ಅಳೆಯಲು ಸಾಮಾನ್ಯ ಮಲ್ಟಿಮೀಟರ್ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಓಮ್ ಅಳತೆಯಿಂದ ಸುರುಳಿ ಕಡಿದಿದೆಯೇ, ಅರ್ಥಿಗೆ ತಾಗಿದೆಯೇ ಎಂಬುದು ತಿಳಿಯುತ್ತದೆ. ಮ್ಯಾನ್ಯುಯಲ್ಲಿನ ಓಮ್ ಮೌಲ್ಯಗಳು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ಸಿನವು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ ಏರುವುದರಿಂದ 35 ಡಿಗ್ರಿಯ ಮಧ್ಯಾಹ್ನ ಅದೇ ಸುರುಳಿ 6 ಶೇಕಡಾ ಹೆಚ್ಚು ತೋರಿಸಿದರೆ ಗಾಬರಿಯಾಗಬೇಕಿಲ್ಲ. ಆದರೆ ಸಿಡಿಐಗೆ ಹೋಗುವ ವಿದ್ಯುತ್ತು ಕ್ಷಣಿಕ ಮಿಡಿತಗಳ ರೂಪದ್ದು; ಆ ಮಿಡಿತದ ತುದಿಯ ವೋಲ್ಟೇಜನ್ನು ಹಿಡಿಯಲು ಮೀಟರಿಗೆ ಪೀಕ್ ವೋಲ್ಟೇಜ್ ಅಡಾಪ್ಟರ್ ಬೇಕು. ಮಾಡ್ಯೂಲ್ ಜೋಡಿಸಿದ ಸ್ಥಿತಿಯಲ್ಲಿ ಒಮ್ಮೆ, ಬಿಚ್ಚಿದ ಸ್ಥಿತಿಯಲ್ಲಿ ಒಮ್ಮೆ, ಎಂಜಿನ್ನನ್ನು ಕ್ರ್ಯಾಂಕ್ ಮಾಡುತ್ತ (ಸ್ಟಾರ್ಟರಿನಿಂದಲೋ ಹಗ್ಗದಿಂದಲೋ ತಿರುಗಿಸುತ್ತ) ಚಾರ್ಜ್ ಕಾಯಿಲಿನ ಪೀಕ್ ವೋಲ್ಟೇಜ್ ಅಳೆಯಬೇಕು. ಹಲವು ಎಂಜಿನ್ನುಗಳಲ್ಲಿ ಇದು 150 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿರುತ್ತದೆ, ನಿಖರ ಮೌಲ್ಯಕ್ಕೆ ಆಯಾ ಮಾದರಿಯ ಮ್ಯಾನ್ಯುಯಲ್ಲೇ ಪ್ರಮಾಣ. ಬಿಚ್ಚಿದಾಗ ಸರಿಯಾಗಿದ್ದು ಜೋಡಿಸಿದಾಗ ಕುಸಿದರೆ ಮಾಡ್ಯೂಲ್ ಒಳಗೆ ಶಾರ್ಟ್ ಇದೆ. ಎರಡರಲ್ಲೂ ಕಡಿಮೆಯಿದ್ದರೆ ಸ್ಟೇಟರ್ ಅಥವಾ ಫ್ಲೈವೀಲಿನ ಆಯಸ್ಕಾಂತಗಳನ್ನು ನೋಡಬೇಕು. ಅಂಟು ಬಿಟ್ಟು ಜಾರಿದ ಆಯಸ್ಕಾಂತ ಸ್ಟೇಟರನ್ನೂ ಟ್ರಿಗರನ್ನೂ ಉಜ್ಜಿ ಹಾಳುಮಾಡುತ್ತದೆ.

ಅರ್ಥ್, ಕಾಯಿಲ್, ಪ್ಲಗ್

ಅಲ್ಯೂಮಿನಿಯಂ ಬ್ಲಾಕಿನ ಮೇಲೆ ಸ್ಟೇನ್‌ಲೆಸ್ ಬೋಲ್ಟ್ ಮತ್ತು ಉಪ್ಪು ಸೇರಿದರೆ ಕೆಲವೇ ತಿಂಗಳಲ್ಲಿ ಬಿಳಿ ಪುಡಿ ಹುಟ್ಟುತ್ತದೆ. ಕಣ್ಣಿಗೆ ಬಿಗಿಯಾಗಿ ಕಾಣುವ ಅರ್ಥ್ ಅಲ್ಲಿ ವಿದ್ಯುತ್ತಿನ ಲೆಕ್ಕದಲ್ಲಿ ಕಡಿದುಹೋಗಿರುತ್ತದೆ. ಓಮ್ ಅಳತೆ ಇಲ್ಲಿ ಮೋಸ ಮಾಡುತ್ತದೆ. ಒಂದೇ ಎಳೆ ತಾಗಿದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ. ಬದಲಿಗೆ ಎಂಜಿನ್ ಕ್ರ್ಯಾಂಕ್ ಆಗುತ್ತಿರುವಾಗ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ, ಆಮೇಲೆ ಎಂಜಿನ್ ಓಡುತ್ತಿರುವಾಗ ಬ್ಲಾಕಿಗೂ ಮಾಡ್ಯೂಲಿನ ಅರ್ಥಿಗೂ ನಡುವೆ ವೋಲ್ಟ್ ಅಳೆಯಬೇಕು. ಎರಡನೆಯದು 0.1 ವೋಲ್ಟ್ ದಾಟಬಾರದು. ದಾಟಿದರೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ತವರ ಲೇಪಿತ ತಾಮ್ರದ ವೈರಿಗೆ ಹೊಸ ಲಗ್ ಒತ್ತಿ, ಅಂಟು ತುಂಬಿದ, ಕಾಯಿಸಿದರೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಬಿಗಿಯಬೇಕು.

ಡಿಸ್ಟ್ರಿಬ್ಯೂಟರ್ ಎಂಜಿನ್ನುಗಳಲ್ಲಿ ತಪ್ಪು ಕಾಯಿಲ್ ಮಾಡುವ ಹಾನಿ ಸರಳ ಲೆಕ್ಕಕ್ಕೆ ಸಿಗುತ್ತದೆ. 3 ಓಮಿನ ಪ್ರೈಮರಿಗೆಂದು ಮಾಡಿದ, ಪ್ರವಾಹಕ್ಕೆ ತಾನೇ ಮಿತಿ ಹಾಕಿಕೊಳ್ಳದ ಸರಳ ಮಾಡ್ಯೂಲಿಗೆ 14.4 ವೋಲ್ಟಿನಲ್ಲಿ ಹೆಚ್ಚೆಂದರೆ 4.8 ಆಂಪಿಯರ್ ಬರುತ್ತದೆ. ಅದೇ ಜಾಗದಲ್ಲಿ 1.5 ಓಮಿನ ಕಾಯಿಲ್ ಇಟ್ಟು ಪ್ರವಾಹ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರನ್ನು ಹಾಕದೆ ಬಿಟ್ಟರೆ 9.6 ಆಂಪಿಯರ್. ಕಾಯಿಲ್ 'ಹೆಚ್ಚು ಪವರ್‌ಫುಲ್' ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಆ ಪವರಿನ ಬೆಲೆ ತೆರುವುದು ಮಾಡ್ಯೂಲ್. ಎಂಜಿನ್ ಓಡಿಸದೆ ಕೀಯನ್ನು ಆನ್ ಇಟ್ಟು ಗಂಟೆಗಟ್ಟಲೆ ಹಾಡು ಕೇಳುವುದರಿಂದಲೂ ಕೆಲವು ಮಾದರಿಗಳ ಕಾಯಿಲ್ ಮತ್ತು ಮಾಡ್ಯೂಲ್ ಎರಡೂ ಬೇಯುತ್ತವೆ.

ಪ್ಲಗ್ಗಿನ ಕಡೆ ಎರಡು ವಿಷಯ ಮುಖ್ಯ. ಕಾಯಿಲಿನಲ್ಲಿ ಹುಟ್ಟಿದ ಹೈವೋಲ್ಟೇಜಿಗೆ ಹೋಗಲು ದಾರಿ ಬೇಕು. ಸವೆದು ಗ್ಯಾಪ್ ಅಗಲವಾದ ಪ್ಲಗ್, ಒಳಗೆ ಕಡಿದ ಪ್ಲಗ್ ವೈರ್, ತುಕ್ಕು ಹಿಡಿದ ಕ್ಯಾಪ್ ಸ್ಪ್ರಿಂಗ್ ಇದ್ದರೆ ಆ ದಾರಿ ಮುಚ್ಚಿ, ಕಿಡಿ ಕಾಯಿಲಿನ ಒಳಗೋ ಮಾಡ್ಯೂಲಿನ ಕಡೆಗೋ ಹಾರುತ್ತದೆ. ಓಡುತ್ತಿರುವ ಎಂಜಿನ್ನಿನ ಪ್ಲಗ್ ಕ್ಯಾಪ್ ಕಿತ್ತು 'ಯಾವ ಸಿಲಿಂಡರ್ ಸತ್ತಿದೆ' ಎಂದು ನೋಡುವುದೂ ಇದೇ ಹಾನಿ ಮಾಡುತ್ತದೆ. ಅದಕ್ಕೆ ಅರ್ಥಿಗೆ ಕ್ಲಿಪ್ ಮಾಡಿದ, ಕಿಡಿ ಹಾರುವ ಅಂತರವನ್ನು 11 ಮಿಲಿಮೀಟರ್ ಆಸುಪಾಸಿಗೆ ಹೊಂದಿಸಬಲ್ಲ ಸ್ಪಾರ್ಕ್ ಟೆಸ್ಟರ್ ಬಳಸಬೇಕು. ಎರಡನೆಯದು ರೆಸಿಸ್ಟರ್ ಪ್ಲಗ್. ಉದಾಹರಣೆಗೆ ಎನ್‌ಜಿಕೆ ಪ್ಲಗ್ಗಿನ ಹೆಸರಿನಲ್ಲಿ ಬಿ ನಂತರ ಬರುವ ಆರ್ ಅಕ್ಷರ, ಒಳಗೆ ಸುಮಾರು 5 ಕಿಲೋಓಮ್ ರೋಧವಿದೆಯೆಂದು ಸೂಚಿಸುತ್ತದೆ. ತಯಾರಕರು ಬಿಆರ್‌8ಎಚ್‌ಎಸ್ ಹೇಳಿದ್ದಲ್ಲಿ ಬಿ8ಎಚ್‌ಎಸ್ ಹಾಕಿದರೆ ಎಂಜಿನ್ ಓಡುತ್ತದೆ, ಆದರೆ ಕಿಡಿಯ ವಿದ್ಯುತ್ ಗದ್ದಲ ಮಾಡ್ಯೂಲಿನ ಸೂಕ್ಷ್ಮ ಭಾಗಗಳಿಗೆ ಹಿಂದಿರುಗಿ ಬರುತ್ತದೆ.

ಇಲ್ಲಿಯೇ ಇನ್ನೊಂದು ಮಾತು. ಎಂಜಿನ್ ಒಳಗಿರುವ ಬೋಟಿನಲ್ಲಿ ಕಾರಿನ ಡಿಸ್ಟ್ರಿಬ್ಯೂಟರ್, ಸ್ಟಾರ್ಟರ್ ಅಥವಾ ಆಲ್ಟರ್ನೇಟರ್ ಹಾಕುವುದು ಉಳಿತಾಯದ ದಾರಿಯಲ್ಲ. ಮೆರೈನ್ ಭಾಗಗಳು ಎಸ್‌ಎಇ ಜೆ1171 ಅಥವಾ ಐಎಸ್‌ಒ 8846 ಮಾನದಂಡಕ್ಕೆ ತಕ್ಕಂತೆ ಒಳಗಿನ ಕಿಡಿ ಹೊರಗಿನ ಆವಿಗೆ ತಗಲದಂತೆ ರೂಪುಗೊಂಡಿರುತ್ತವೆ, ಕಾರಿನವು ಹಾಗಿರುವುದಿಲ್ಲ.

ನೀರಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಿನದ ಕೊನೆಗೆ ಮುಚ್ಚಳ ತೆಗೆದು ಪ್ರೆಶರ್ ಪೈಪಿನಿಂದ ಎಂಜಿನ್ ತೊಳೆಯುವುದನ್ನು ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕನೆಕ್ಟರುಗಳಿಗೆ ವಿದ್ಯುತ್ ಹರಿಸದ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಬೇಕು. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಜೂನ್ ತಿಂಗಳಿಂದ ಟಾರ್ಪಾಲಿನ್ ಬಿಗಿದು ಗಾಳಿಯಾಡದಂತೆ ಮುಚ್ಚಿಟ್ಟ ಎಂಜಿನ್ನಿನೊಳಗೆ ತೇವ ಹೊರಗಿನಿಂದ ಬರಬೇಕಿಲ್ಲ, ಅಲ್ಲೇ ಹುಟ್ಟುತ್ತದೆ. ಕೆಳಗಿನಿಂದ ಗಾಳಿ ಹೋಗುವಂತೆ ಮುಚ್ಚಬೇಕು.

ಹೊಸದನ್ನು ಕೂರಿಸಿದ ಮೇಲೆ

ಕಾರಣ ಸಿಕ್ಕಿ ಸರಿಪಡಿಸಿದ ನಂತರವೇ ಹೊಸ ಮಾಡ್ಯೂಲ್. ವಿದ್ಯುತ್ ಭಾಗಗಳನ್ನು ಅಂಗಡಿಯವರು ಸಾಮಾನ್ಯವಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಭಾಗದ ಸಂಖ್ಯೆಯನ್ನು ಎಂಜಿನ್ನಿನ ಸೀರಿಯಲ್ ಸಂಖ್ಯೆಯೊಂದಿಗೆ ತಾಳೆನೋಡಿ ಕೊಳ್ಳಬೇಕು. ಒಂದೇ ಅಶ್ವಶಕ್ತಿಯ, ಒಂದೇ ಆಕಾರದ ಎರಡು ವರ್ಷಗಳ ಮಾದರಿಗಳಲ್ಲಿ ಒಳಗಿನ ಟೈಮಿಂಗ್ ಬೇರೆಯಿರಬಹುದು. ಕೂರಿಸಿದ ದಿನವೇ ಗಿರಾಕಿಗಳನ್ನು ಹತ್ತಿಸಬಾರದು. ಖಾಲಿ ಬೋಟಿನಲ್ಲಿ, ದಡಕ್ಕೆ ಹತ್ತಿರದಲ್ಲಿ, ಇಳಿತದ ಸೆಳೆತ ಇಲ್ಲದ ಹೊತ್ತಿನಲ್ಲಿ, ಜೊತೆಗೆ ಇನ್ನೊಂದು ಬೋಟನ್ನಿಟ್ಟುಕೊಂಡು ಒಂದು ಗಂಟೆ ಓಡಿಸಿ, ನಿಲ್ಲಿಸಿ, ಕಾದ ಸ್ಥಿತಿಯಲ್ಲಿ ಹತ್ತು ನಿಮಿಷ ಬಿಟ್ಟು, ಮತ್ತೆ ಚಾಲೂ ಮಾಡಬೇಕು. ಆ ಹತ್ತು ನಿಮಿಷದ ನಂತರದ ಚಾಲೂ ಆಗುವಿಕೆಯೇ ನಿಜವಾದ ಪರೀಕ್ಷೆ. ಚಾರ್ಜಿಂಗ್ ವೋಲ್ಟೇಜ್, ಅರ್ಥಿನ ವೋಲ್ಟೇಜ್ ಕುಸಿತ, ಪೀಕ್ ವೋಲ್ಟೇಜ್ ಇಷ್ಟನ್ನೂ ದಿನಾಂಕದೊಂದಿಗೆ ಬರೆದು ಲಾಗ್ ಪುಸ್ತಕಕ್ಕೆ ಅಂಟಿಸಿದರೆ ಮುಂದಿನ ಸೀಸನ್ನಿನಲ್ಲಿ ಹೋಲಿಸಲು ಅಂಕಿಗಳು ಕೈಯಲ್ಲಿರುತ್ತವೆ.

ಕೊನೆಯದಾಗಿ, ಮೂಲೆಯಲ್ಲಿ ಬಿದ್ದಿರುವ ಹಳೆಯ ಮಾಡ್ಯೂಲುಗಳು. ಎಂಜಿನ್ ಸರಿಯಾಗಿ ಓಡಲಾರಂಭಿಸಿದ ಮೇಲೆ, ರಾಳ ಉಬ್ಬದೆ ಪಿನ್ ಕಪ್ಪಾಗದೆ ಉಳಿದಿರುವ ಹಳೆಯದನ್ನು ಜೆಟ್ಟಿಗೆ ಕಟ್ಟಿದ ಬೋಟಿನಲ್ಲಿ ಒಮ್ಮೆ ಜೋಡಿಸಿ ನೋಡಬೇಕು. ದೋಷ ಅರ್ಥಿಗೆ ತಾಗಿದ ಸ್ಟಾಪ್ ವೈರಿನಲ್ಲೋ ಕೆಟ್ಟ ಅರ್ಥಿನಲ್ಲೋ ಇದ್ದ ಎಂಜಿನ್ನಾದರೆ ಅವುಗಳಲ್ಲಿ ಒಂದಾದರೂ ಬದುಕಿರುವ ಸಾಧ್ಯತೆ ಚೆನ್ನಾಗಿದೆ. ಬದುಕಿದ್ದರೆ ಅದಕ್ಕೆ ಗುರುತು ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ಅದನ್ನು ಬಿಚ್ಚಲು ಬೇಕಾದ ಸ್ಪ್ಯಾನರನ್ನೂ ಅದೇ ಡಬ್ಬಿಯಲ್ಲಿಟ್ಟು ಬೋಟಿನಲ್ಲೇ ಇಡಬೇಕು.